ಹೆಪ್ಪಿಗೆ ಬಿಟ್ಟ ಪುಸ್ತಕ

ನಿನ್ನೆ ಸಂಜೆ ಹಾಲು ಕಾಯಿಸಿ ಆರಲು ಬಿಟ್ಟಿದ್ದೆ. ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿರುವ ಹುಡುಗಿ, ಕೆ.ಆರ್.ಪೇಟೆ ಕಡೆಯವಳು, ಸ್ಟೀಲಿನ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಳು. “ಆಂಟಿ, ಒಂಚೂರು ಎಪ್ಪಿದ್ರೆ ಕೊಡ್ತೀರಾ?” ಫ್ರಿಜ್ಜಿನಿಂದ ಮೊಸರಿನ ಪಾತ್ರೆ ತೆಗೆದು ಮುಚ್ಚಳ ಎತ್ತಿದೆ. ಆ ಹುಳಿ ವಾಸನೆಗೋ, ‘ಹ’ ಬಿಟ್ಟು ಅವಳಾಡಿದ ಆ ಒಂದು ಮಾತಿಗೋ, ಚಮಚ ಹಿಡಿದ ನನ್ನ ಕೈ ಅಲ್ಲೇ ನಿಂತಿತು. ಎಪ್ಪು... ಆ ಮಾತನ್ನು ಹಾಗೇ ಆಡುತ್ತಿದ್ದ ಇನ್ನೊಬ್ಬಳು ಕಣ್ಣಮುಂದೆ ಬಂದಳು.

ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಕನ್ನಡ ಪಾಠ ಮಾಡಿದವಳು ನಾನು. ‘ಅಂಗೆ ಅಲ್ಲ, ಹಾಗೆ ಅನ್ನು’ ಎಂದು ಎಷ್ಟು ಮಕ್ಕಳ ನಾಲಿಗೆ ತಿದ್ದಿದ್ದೇನೋ ಲೆಕ್ಕವಿಲ್ಲ. ಅಂಥ ನನಗೆ ಒಬ್ಬಳು ಬರೆದಿಟ್ಟ ‘ಎ’ ಅನ್ನುವ ಒಂದೇ ಒಂದು ಅಕ್ಷರವನ್ನು ಓದಲಾಗಲಿಲ್ಲ. ಕೇಳಬಹುದಿತ್ತು, ಕೇಳಲಿಲ್ಲ. ಸುತ್ತಿ ಬಳಸಿ ಹೇಳುವುದೇಕೆ? ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಆಗ ಶ್ರೀರಂಗಪಟ್ಟಣದ ನಮ್ಮ ದೇವಸ್ಥಾನದ ಬೀದಿಯಿಂದ ದಿನಾ ಪಾಂಡವಪುರಕ್ಕೆ ಒಂದು ಬಸ್ಸು, ಅಲ್ಲಿಂದ ಚಿನಕುರಳಿ ದಾರಿಯ ಇನ್ನೊಂದು ಬಸ್ಸು ಹಿಡಿದು ಸ್ಕೂಲಿಗೆ ಹೋಗುತ್ತಿದ್ದೆ. ಊರಿನ ಹೆಸರು ಬೇಡ. ಬಸ್ಸು ಇಳಿದರೆ ಎಡಗಡೆ ಹಾಲಿನ ಡೈರಿ. ಡೈರಿಯ ಗೋಡೆಗೆ ಅಂಟಿಕೊಂಡ ಹಂಚಿನ ಮಾಡಿನ ಕೋಣೆಯೇ ಪಂಚಾಯ್ತಿ ಲೈಬ್ರರಿ. ಒಂದು ಮೇಜು, ಎರಡು ಬೆಂಚು, ಬಾಗಿಲು ಸರಿಯಾಗಿ ಮುಚ್ಚದ ನಾಲ್ಕು ಬೀರು. ಮಳೆ ಬಂದರೆ ಪುಸ್ತಕಗಳ ಮೇಲೆ ಗೊಬ್ಬರದ ಖಾಲಿ ಚೀಲ ಹೊದಿಸಬೇಕು. ಒಳಗೆ ಹೋದರೆ ಹಳೆ ಕಾಗದದ ಜೊತೆ ಹಾಲಿನ ವಾಸನೆ.

ಅದನ್ನು ನೋಡಿಕೊಳ್ಳುತ್ತಿದ್ದವಳೇ ಲೈಬ್ರರಿ ಅಕ್ಕ. ಎಸ್ಸೆಸ್ಸೆಲ್ಸಿ ಓದಿದ್ದಳು, ಅದೂ ಎರಡನೇ ಸಲಕ್ಕೆ ಪಾಸು. ನನಗಿಂತ ಎರಡು ಮೂರು ವರ್ಷ ಚಿಕ್ಕವಳೇ ಇರಬೇಕು. ಆದರೂ ಊರಿನ ಮುದುಕರು ಸಹ ಅವಳನ್ನು ಅಕ್ಕ ಅನ್ನುತ್ತಿದ್ದರು. ನನ್ನನ್ನು ‘ಮೇಡಮ್ಮೋರು’ ಅನ್ನುತ್ತಿದ್ದರು. ಮರ್ಯಾದೆ ಯಾವುದರಲ್ಲಿ ಹೆಚ್ಚು ಅಂದರೆ ಮೇಡಮ್ಮೋರಲ್ಲೇ, ಅದರಲ್ಲಿ ಅನುಮಾನವಿಲ್ಲ. ಆದರೆ ಮೇಡಮ್ಮೋರು ಬಂದರೆ ಹೆಂಗಸರು ಆಡುತ್ತಿದ್ದ ಮಾತು ನಿಲ್ಲಿಸಿ ಎದ್ದು ನಿಲ್ಲುತ್ತಿದ್ದರು, ಅಕ್ಕ ಬಂದರೆ ಸರಿದು ಕೂತು ಜಾಗ ಕೊಡುತ್ತಿದ್ದರು. ನಾನಂತೂ ಅವಳನ್ನು ಒಂದು ದಿನವೂ ಅಕ್ಕ ಅನ್ನಲಿಲ್ಲ. ‘ಏನ್ರೀ’ ಅನ್ನುತ್ತಿದ್ದೆ, ಅಷ್ಟೇ.

ಬಾಗಿಲ ಮೇಲಿನ ಬೋರ್ಡಿನಲ್ಲಿ ವೇಳೆ ಏನಾದರೂ ಬರೆದಿರಲಿ, ಆ ಲೈಬ್ರರಿ ತೆರೆಯುತ್ತಿದ್ದುದು ಡೈರಿಗೆ ಹಾಲು ಹಾಕುವ ಹೊತ್ತಿಗೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಹೆಂಗಸರು ಕ್ಯಾನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಪುಸ್ತಕ ಮುಟ್ಟುತ್ತಿದ್ದರು. ಹಿಂದಿನ ಪುಸ್ತಕದಲ್ಲಿ ಯಾರು ಯಾರನ್ನು ಮದುವೆಯಾದರು, ಯಾರು ಸತ್ತರು, ಸತ್ತದ್ದು ನ್ಯಾಯವೇ ಎಂದು ಅಲ್ಲೇ ಮೆಟ್ಟಿಲ ಮೇಲೆ ಜಗಳ. ಕಲ್ಲುಕ್ವಾರಿಯ ಲಾರಿ ಓಡಿಸುವ ಗಂಡಸೊಬ್ಬ ಆ ಜಗಳ ಕೇಳುವುದಕ್ಕೆಂದೇ ಹಾಲು ತರುತ್ತಿದ್ದ. ಬೆಳಗಿನ ಬಸ್ಸು ಬೇಗ ಬಂದ ದಿನ ನಾನು ರಸ್ತೆಯ ಈ ಬದಿ ನಿಂತು ಅದನ್ನೆಲ್ಲ ನೋಡುತ್ತಿದ್ದೆ. ಸ್ಕೂಲಿನಲ್ಲಿ ಶನಿವಾರ ಮಧ್ಯಾಹ್ನ ನಾನೂ ಒಂದು ಓದುಗರ ಕೂಟ ಶುರು ಮಾಡಿದ್ದೆ. ಮೂರು ಹುಡುಗಿಯರು ಬರುತ್ತಿದ್ದರು. ಅದರಲ್ಲೊಬ್ಬಳು ನಿದ್ದೆ ಮಾಡುತ್ತಿದ್ದಳು.

ಒಂದು ವರ್ಷ ಸ್ಕೂಲ್ ಡೇ ದಿನ ನಡೆದದ್ದು ಹೇಳಬೇಕು. ನನ್ನ ಕೈಯಲ್ಲಿ ಮೂರು ವರ್ಷ ಓದಿದ ಹುಡುಗಿ, ಜಿಲ್ಲಾ ಮಟ್ಟದ ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ತಂದಿದ್ದಳು. ಅವಳ ಒಂದೊಂದು ವಾಕ್ಯವನ್ನೂ ಕೂತು ತಿದ್ದಿದ್ದವಳು ನಾನು. ಸ್ಟೇಜಿನ ಮೇಲೆ ನಾನೂ ಕೂತಿದ್ದೆ, ಅಂಚಿನ ರೇಷ್ಮೆ ಸೀರೆ ಉಟ್ಟುಕೊಂಡು. ಅವಳು ಮೈಕಿನ ಮುಂದೆ ಬಂದು, ನನಗೆ ಓದುವ ಹುಚ್ಚು ಹತ್ತಿಸಿದ್ದು ನಮ್ಮ ಲೈಬ್ರರಿ ಅಕ್ಕ ಅಂದಳು. ಪೆಂಡಾಲಿನ ಹಿಂದುಗಡೆಯಿಂದ ಚಪ್ಪಾಳೆಯೋ ಚಪ್ಪಾಳೆ. ಅಕ್ಕ ಅಲ್ಲೆಲ್ಲೋ ಕಂಬದ ಪಕ್ಕ ಮುಖ ಮುಚ್ಚಿಕೊಂಡು ಕೂತಿದ್ದಳು. ನಾನೂ ಚಪ್ಪಾಳೆ ತಟ್ಟಿದೆ, ತಟ್ಟದಿದ್ದರೆ ಹೇಗೆ? ಆ ದಿನ ಮನೆಗೆ ಬಂದು ಸೀರೆಯನ್ನೂ ಬದಲಿಸದೆ ಕೂತಿದ್ದೆ. ಮೈಯೆಲ್ಲ ಉರಿಯುತ್ತಿತ್ತು.

ಅದಾದ ಮೇಲೆ ನಮ್ಮ ಅಮ್ಮ ಹೋದರು. ಕಾರ್ಯಗಳನ್ನೆಲ್ಲ ಮುಗಿಸಿ ಸ್ಕೂಲಿಗೆ ಬಂದ ದಿನ ಸಂಜೆ ಅಕ್ಕ ಬಸ್‌ಸ್ಟಾಪಿಗೆ ಬಂದಳು. ನನ್ನ ಪಕ್ಕ ನಿಂತಳು. ಬಸ್ಸು ಬರುವುದು ಕಂಡಾಗ ಸೆರಗಿನೊಳಗಿಂದ ಒಂದು ತೆಳ್ಳನೆ ಪುಸ್ತಕ ತೆಗೆದು ನನ್ನ ಚೀಲಕ್ಕೆ ಹಾಕಿದಳು.

“ಮಡಿಕ್ಕಳಿ ಮೇಡಮ್ಮೋರೆ. ಓದ್ದೆ ಇದ್ರೂ ಪರವಾಗಿಲ್ಲ, ಮನೇಲಿರ್ಲಿ.”

ಬಸ್ಸಿನಲ್ಲಿ ತೆಗೆದು ನೋಡಿದರೆ ಅಡುಗೆ ಪುಸ್ತಕ! ಮೈದಾ ಅಂಟು ಹಚ್ಚಿ ಖಾಕಿ ರಟ್ಟು ಹಾಕಿದ್ದಳು. ನನಗೆ ಎಲ್ಲಿತ್ತೋ ಕೋಪ. ಮನೆಯಲ್ಲಿ ಎರಡು ಬೀರು ತುಂಬ ಪುಸ್ತಕವಿರುವ ಎಂ.ಎ. ಮಾಡಿದವಳಿಗೆ ಇವಳು ಅಡುಗೆ ಪುಸ್ತಕ ಕೊಡುತ್ತಾಳೆ. ಒಂದು ಹಾಳೆಯ ಮೂಲೆ ಮಡಿಸಿತ್ತು. ಬಿಡಿಸಿ ನೋಡಿದೆ, ಮೆಂತ್ಯದ ಗೊಜ್ಜು. ಅಮ್ಮ ಮಾಡುತ್ತಿದ್ದ ಮೆಂತ್ಯದ ಗೊಜ್ಜನ್ನು ನಾನು ಕಲಿಯಲೇ ಇಲ್ಲವಲ್ಲ ಎಂದು ಯಾವಾಗಲೋ ಬಸ್‌ಸ್ಟಾಪಿನಲ್ಲಿ ಇನ್ನೊಬ್ಬ ಟೀಚರ್ ಹತ್ತಿರ ಹೇಳಿಕೊಂಡಿದ್ದೆ. ಅದು ಇವಳ ಕಿವಿಗೆ ಬಿದ್ದಿತ್ತು. ನನ್ನ ಮನೆಯೊಳಗಿನ ಮಾತೂ ಇವಳಿಗೆ ಬೇಕಾ ಅನ್ನಿಸಿತು. ಪುಸ್ತಕವನ್ನು ಅಡುಗೆಮನೆಯ ಮೇಲಿನ ಶೆಲ್ಫಿಗೆ ಎಸೆದೆ.

ಹೀಗಿರುವಾಗ ಲೈಬ್ರರಿಯನ್ನು ಹೊಸದು ಮಾಡುವ ಮಾತು ಬಂತು. ಹೈಸ್ಕೂಲಿನ ಪಕ್ಕ, ಮೇನ್ ರೋಡಿನಲ್ಲಿ ಖಾಲಿ ಬಿದ್ದಿದ್ದ ಕಟ್ಟಡ ಸರಿಮಾಡಿಸಿ, ಟೈಲ್ಸು, ಗಾಜಿನ ಬಾಗಿಲು, ಕಂಪ್ಯೂಟರು, ಮಕ್ಕಳಿಗೆ ಬಣ್ಣದ ಕುರ್ಚಿ. ಒಳ್ಳೆಯ ಕೆಲಸವೇ. ಹಂಚು ಸೋರುವ ಕೋಣೆಯಲ್ಲಿ ಪುಸ್ತಕ ಕೊಳೆಯಲಿ ಎಂದು ಯಾರು ಹೇಳುತ್ತಾರೆ? ಕಮಿಟಿಯಲ್ಲಿ ನನ್ನನ್ನೂ ಹಾಕಿಕೊಂಡರು. ಯಾವ ಬೀರು ಎಲ್ಲಿ, ಯಾವ ಪುಸ್ತಕ ಉಳಿಯಬೇಕು, ಯಾವುದು ರದ್ದಿಗೆ ಎಂದು ನಾನು ಹೇಳಿದ್ದೇ ಹೇಳಿದ್ದು. ಆ ಊರಿನಲ್ಲಿ ಮೊದಲ ಸಲ ಜನ ನನ್ನನ್ನು ಹುಡುಕಿಕೊಂಡು ಬಂದು ಮಾತಾಡಿಸಿದರು. ನಿಜ ಹೇಳಬೇಕೆಂದರೆ ಹಿತವಾಗಿತ್ತು.

ಆ ದಿನಗಳಲ್ಲೇ ಅಕ್ಕ ಒಂದು ಸಂಜೆ ಸ್ಟಾಫ್ ರೂಮಿಗೆ ಬಂದಳು. ಚಿನಕುರಳಿಯ ಜೆರಾಕ್ಸ್ ಅಂಗಡಿಗೆ ವಾರಕ್ಕೆ ಮೂರು ದಿನ ಹೋಗಿ ಕಂಪ್ಯೂಟರ್ ಕಲಿಯುತ್ತಿದ್ದಳಂತೆ. ತಾನೇ ಟೈಪ್ ಮಾಡಿದ ಒಂದು ಹಾಳೆ ತಂದಿದ್ದಳು. ಲೈಬ್ರರಿಗೆ ಸೇರಲು ನಿಮ್ಮ ಎಸರು ಬರೆಸಿ, ಎಂದು ಶುರುವಾಗಿತ್ತು.

“ತಪ್ಪಿದ್ರೆ ತಿದ್ಕೊಡಿ ಮೇಡಮ್ಮೋರೆ. ಒಸ ಲೈಬ್ರರಿ ಬಾಗ್ಲಿಗೆ ಅಂಟಿಸ್ಬೇಕು ಅಂತ.”

ನಾನು ಕೆಂಪು ಪೆನ್ನು ತೆಗೆದು ‘ಎಸರು’ ಸುತ್ತ ಗುಂಡಗೆ ಗೆರೆ ಎಳೆದೆ. “ಎಸರು ಅಂದರೆ ಅನ್ನಕ್ಕೆ ಇಡೋ ನೀರು ಕಣ್ರೀ. ಇದು ಹೆಸರು” ಅಂದೆ. ಪಕ್ಕದಲ್ಲಿದ್ದ ಟೀಚರುಗಳು ನಕ್ಕರು. ಅಕ್ಕನೂ ನಕ್ಕಳು. “ಅಯ್ಯೋ, ನಮ್ ನಾಲ್ಗೆ ಎಂಗೋ ಕೈಯೂ ಅಂಗೇ ಬುಡಿ” ಅಂದು ಹಾಳೆ ಮಡಿಸಿಕೊಂಡು ಹೋದಳು.

ಮರುವಾರ ಕಮಿಟಿ ಸಭೆಯಲ್ಲಿ ಪಂಚಾಯ್ತಿಯವರು ನನ್ನ ಕಡೆ ತಿರುಗಿ, “ಮೇಡಮ್, ಈ ಅಕ್ಕಂಗೆ ಕಂಪ್ಯೂಟರ್ ಎಲ್ಲ ಆಗ್ತದಾ? ನೀವೇ ಹೇಳಿ, ನಿಮ್ಗೆ ಗೊತ್ತಿರ್ತದೆ” ಅಂದರು. ನನಗೆ ಗೊತ್ತಿತ್ತು. ಆ ಹಾಳೆ ಕಣ್ಣಮುಂದೆ ಇತ್ತು. ಒಂದು ಅಕ್ಷರ ಬಿಟ್ಟರೆ ಅದರಲ್ಲಿ ಬೇರೆ ತಪ್ಪಿರಲಿಲ್ಲ. ಆದರೂ ನನ್ನ ಬಾಯಿಂದ ಬಂದದ್ದು “ಕಷ್ಟ” ಅನ್ನುವ ಮಾತು. ಅಷ್ಟೇ ಹೇಳಿ ಚಹಾ ಲೋಟ ಎತ್ತಿಕೊಂಡೆ. ಅವರು ಬರೆದುಕೊಂಡರು.

ಹೊಸ ಲೈಬ್ರರಿಗೆ ಅಕ್ಕ ಬೇಡವೆಂದಾಯಿತು. ಅವಳು ಬೀಗದ ಕೈ, ರಿಜಿಸ್ಟರು ಎರಡನ್ನೂ ತಂದು ನನ್ನ ಕೈಗೇ ಕೊಟ್ಟಳು. ಆ ‘ಕಷ್ಟ’ ಯಾರು ಅಂದದ್ದೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ... ಇವತ್ತಿಗೂ ತಿಳಿಯದು. ಕಣ್ಣು ಊದಿತ್ತು. “ನೀವಿದ್ದೀರಲ್ಲ, ನಂಗೇನು ಯೋಚ್ನೆ ಇಲ್ಲ” ಅಂದಳು. ಹೊರಟವಳು ತಿರುಗಿ ಬಂದು, “ರಿಜಿಸ್ಟ್ರಲ್ಲಿ ‘ಎ’ ಅಂತ ಆಕಿವ್ನಲ್ಲ, ಆ ಪುಸ್ತಕ ಮಾತ್ರ ವಾಪಸ್ ಕೇಳ್ಬ್ಯಾಡಿ ಮೇಡಮ್ಮೋರೆ. ಅವು ಅಲ್ಲಲ್ಲೇ ಇರ್ಲಿ” ಅಂದಳು. ಯಾಕೆ ಎಂದು ಕೇಳಬೇಕು ತಾನೇ? ಎಂ.ಎ. ಓದಿದವಳು ಇವಳ ಹತ್ತಿರ ಒಂದು ಅಕ್ಷರದ ಅರ್ಥ ಕೇಳುವುದೇ ಅನ್ನಿಸಿತು. ಆಯ್ತು ಹೋಗಿ ಅಂದೆ.

ರಿಜಿಸ್ಟರು ಬಿಡಿಸಿದರೆ ಮನೆಮನೆಯ ಹೆಸರಿನ ಮುಂದೆಯೂ ಒಂದೊಂದು ಪುಸ್ತಕ, ಪಕ್ಕದಲ್ಲಿ ‘ಎ’. ಕೆಲವು ಹತ್ತು ವರ್ಷದ ಹಿಂದಿನವು. ಬೀರುಗಳಲ್ಲಿ ನೋಡಿದರೆ ಅವೊಂದೂ ಇಲ್ಲ. ಎ ಅಂದರೆ ಎರವಲು, ಎರವಲು ಕೊಟ್ಟು ವಸೂಲಿ ಮಾಡಲಾಗದೆ ಮುಚ್ಚಿಟ್ಟಿದ್ದಾಳೆ ಎಂದು ತೀರ್ಮಾನ ಮಾಡಿದೆ. ಆಹಾ, ಊರೆಲ್ಲ ಹೊಗಳುವ ಅಕ್ಕ ಸಿಕ್ಕಿಬಿದ್ದಳು ಎಂದು ಒಳಗೊಳಗೇ ಕುಣಿದೆ. ಕಡೆಯ ಹಾಳೆಯಲ್ಲಿ ‘ಮೇಡಮ್ಮೋರು, ಅಡುಗೆ ಪುಸ್ತಕ, ಎ’ ಎಂದಿತ್ತು. ತಾನಾಗಿ ಚೀಲಕ್ಕೆ ಹಾಕಿ ನನ್ನನ್ನೂ ಈ ಪಟ್ಟಿಗೆ ಸೇರಿಸಿದ್ದಾಳಲ್ಲ ಎಂದು ಇನ್ನಷ್ಟು ರೇಗಿತು.

ಆಟೋಗೆ ಮೈಕು ಕಟ್ಟಿಸಿ ಊರೆಲ್ಲ ಸಾರಿಸಿದೆ. ಲೈಬ್ರರಿಯ ಹಳೆಯ ಪುಸ್ತಕಗಳನ್ನು ವಾರದೊಳಗೆ ಹಿಂದಿರುಗಿಸಬೇಕು, ಹಿಂದಿರುಗಿಸದವರ ಹೆಸರನ್ನು ಹೊಸ ಲೈಬ್ರರಿಯ ಬೋರ್ಡಿನಲ್ಲಿ ಹಾಕಲಾಗುವುದು. ಆ ಕಡೆಯ ವಾಕ್ಯ ನನ್ನದೇ. ಮಾನಕ್ಕೆ ಹೆದರುವ ಜನ, ಮೂರೇ ದಿನಕ್ಕೆ ಸಾಲು ನಿಂತರು. ಒಲೆಯ ಹೊಗೆ ವಾಸನೆಯ ಪುಸ್ತಕ, ಬೆಲ್ಲದ ಕೈ ಅಂಟಿದ ಪುಸ್ತಕ, ಸೀರೆ ಚೂರಿನಲ್ಲಿ ಸುತ್ತಿದ ಪುಸ್ತಕ. ಹೊಸ ಕಂಪ್ಯೂಟರಿನಲ್ಲಿ ನಮೂದು ಮಾಡಿ, ಒಬ್ಬೊಬ್ಬರಿಗೂ ರಶೀದಿ ಕೊಡುತ್ತಾ ಹೋದೆ.

ಎರಡನೇ ದಿನವೋ ಮೂರನೇ ದಿನವೋ ಒಬ್ಬ ಮುದುಕಿ ಬಂದಳು, ಆಲೆಮನೆಯಲ್ಲಿ ಕೆಲಸ ಮಾಡುವವಳು. ಅವಳಿಗೆ ಓದು ಬಾರದು. ಪುಸ್ತಕದ ರಟ್ಟಿನ ಮೇಲೆ ಅರಿಶಿನ ಕುಂಕುಮದ ಬೊಟ್ಟಿತ್ತು. ಕೊಡಲು ಚಾಚಿದವಳು ಮತ್ತೆ ಕೈ ಹಿಂದಕ್ಕೆಳೆದುಕೊಂಡಳು.

“ಎಪ್ಪೂ ಕೊಡ್ಬೇಕಾ ಮೇಡಮ್ಮೋರೆ?”

“ಏನು?”

“ಇದು ಎಪ್ಪು ಕಣವ್ವ. ಮನೇಲಿ ಒಂದ್ ಪುಸ್ತಕ ಎಪ್ಪಿಗೆ ಅಂತ ಇರ್ಬೇಕು, ಅದಿದ್ರೆ ಇನ್ನೊಂದು ಬತ್ತದೆ, ಪೂರ್ತಿ ಬರಿದು ಮಾಡ್ಬಾರ್ದು ಅಂತ ಅಕ್ಕ ಏಳಿತ್ತು. ನಮ್ಮ ಮೊಮ್ಮಗಳು ಇದ್ನ ನೋಡ್ಕಂಡೇ ಓದೋದ ಕಲಿತದ್ದು.”

ಎಪ್ಪು. ಹೆಪ್ಪು. ಎಸರು ಬರೆದ ಕೈ ಇನ್ನೇನು ಬರೆಯುತ್ತದೆ? ಆ ಅಕ್ಷರಕ್ಕೆ ಕೆಂಪು ಗೆರೆ ಎಳೆದವಳಿಗೇ ಅದು ಹೊಳೆಯಲಿಲ್ಲ. ಅವಳು ಒಂದೊಂದು ಮನೆಗೆ ಹೊಂದುವುದನ್ನು ನೋಡಿ ಒಂದೊಂದು ಪುಸ್ತಕ ಬಿಟ್ಟಿದ್ದಳು. ತಾಯಿ ಸತ್ತು ಬರಿದಾದ ನನ್ನ ಮನೆಗೂ ಒಂದು.

ಅಲ್ಲೇ ನಿಲ್ಲಿಸಬಹುದಿತ್ತು. ‘ಇಟ್ಕೊಳ್ಳಮ್ಮ’ ಅಂದಿದ್ದರೆ ಮುಗಿಯುತ್ತಿತ್ತು, ತೆಗೆದುಕೊಂಡವನ್ನೂ ಕರೆದು ಕೊಡಬಹುದಿತ್ತು. ತಿಳಿಯದೆ ಮಾಡಿದ ತಪ್ಪು ಎಂದು ಇವತ್ತು ಹೇಳಿಕೊಳ್ಳಲು ನನಗೆ ಬಾಯಿರುತ್ತಿತ್ತು. ಆದರೆ ಆ ಮುದುಕಿ ‘ಅಕ್ಕ ಏಳಿತ್ತು’ ಅಂದ ರೀತಿ ಇದೆಯಲ್ಲ, ಅದು ನನ್ನನ್ನು ಕೆಣಕಿತು. ಅಕ್ಕ ಊರು ಬಿಟ್ಟು ನಾಗಮಂಗಲ ತಾಲ್ಲೂಕಿನ ದೇವಲಾಪುರಕ್ಕೆ, ಮಗಳ ಮನೆಗೆ ಹೋಗಿ ಆಗಲೇ ಹದಿನೈದು ದಿನವಾಗಿತ್ತು. ಇನ್ನೂ ಅವಳದೇ ಮಾತು. “ಕೊಡಿ” ಅಂದೆ. ಕೊಟ್ಟಳು. ರಶೀದಿ ಕೊಟ್ಟೆ. ಅದನ್ನು ಏನು ಮಾಡಬೇಕೆಂದು ತಿಳಿಯದೆ ಮಡಿಸಿ ಎಲೆಅಡಿಕೆಯ ಬಾಳೆಕಾಯಿ ಚೀಲಕ್ಕೆ ಹಾಕಿಕೊಂಡು ಹೋದಳು.

ಪಟ್ಟಿಯಲ್ಲಿದ್ದ ಪುಸ್ತಕಗಳೆಲ್ಲ ಬಂದವು, ಒಂದು ಬಿಟ್ಟು. ಆ ಒಂದು ನಮ್ಮ ಅಡುಗೆಮನೆಯ ಶೆಲ್ಫಿನಲ್ಲಿತ್ತು. ನಾಳೆ ತರೋಣ, ನಾಡಿದ್ದು ತರೋಣ ಎಂದು ಮೊದಲು ಬಿಟ್ಟಿದ್ದೆ. ಅರ್ಥ ತಿಳಿದ ಮೇಲೆ ಕೈ ಬರಲಿಲ್ಲ. ಬೋರ್ಡಿನಲ್ಲಿ ಹಾಕಬೇಕಾದದ್ದು ನನ್ನೊಬ್ಬಳ ಹೆಸರು. ಕಂಪ್ಯೂಟರಿನಲ್ಲಿ ಆ ಪುಸ್ತಕದ ಮುಂದೆ ‘ಕಾಣೆಯಾಗಿದೆ’ ಎಂದು ನಾನೇ ನಮೂದಿಸಿ ಪಟ್ಟಿ ಮುಗಿಸಿದೆ.

ಹೊಸ ಲೈಬ್ರರಿ ಚೆನ್ನಾಗಿಯೇ ಆಯಿತು. ಟೇಪು ಕತ್ತರಿಸಿದರು, ಫೋಟೋ ತೆಗೆಸಿಕೊಂಡರು, ಗ್ರಾನೈಟ್ ಕಲ್ಲಿನಲ್ಲಿ ಕಮಿಟಿಯವರ ಹೆಸರಿನ ಜೊತೆ ನನ್ನ ಹೆಸರೂ ಇದೆ. ಡೈರಿಯ ಹೆಂಗಸರು ಮೊದಲ ದಿನ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಟೈಲ್ಸಿನ ಮೇಲೆ ಜಾರೀತೆಂದು ಮೆಲ್ಲಗೆ ನಡೆದು, ಎಲ್ಲ ನೋಡಿ, ಚೆನ್ನಾಗದೆ ಮೇಡಮ್ಮೋರೆ ಅಂದು ಹೋದರು. ಮತ್ತೆ ಬರಲಿಲ್ಲ. ಅವರು ಹಾಲು ಹಾಕುವ ಹೊತ್ತಿಗೆ ಗಾಜಿನ ಬಾಗಿಲಿಗೆ ಬೀಗ, ಬೀಗ ತೆಗೆಯುವ ಹೊತ್ತಿಗೆ ಅವರು ಗದ್ದೆಯಲ್ಲಿ. ಹಿಂದಿರುಗಿಸಬೇಕಾದ ಪುಸ್ತಕವಾದರೂ ಮನೆಯಲ್ಲಿ ಇದ್ದಿದ್ದರೆ ಅದರ ನೆಪಕ್ಕೆ ಬರುತ್ತಿದ್ದರೋ ಏನೋ. ಅದನ್ನೂ ನಾನು ಉಳಿಸಿರಲಿಲ್ಲ. ಹುಡುಗರು ಬಂದು ಪರೀಕ್ಷೆಯ ಅರ್ಜಿ ತುಂಬುತ್ತಿದ್ದರು, ಮೊಬೈಲ್ ಚಾರ್ಜಿಗೆ ಹಾಕುತ್ತಿದ್ದರು. ಬಸ್‌ಸ್ಟಾಪಿನಲ್ಲಿ ಹೆಂಗಸರು ‘ಅಕ್ಕ ಇದ್ದಾಗ...’ ಎಂದು ಶುರು ಮಾಡಿ, ನನ್ನನ್ನು ಕಂಡು ನಿಲ್ಲಿಸುತ್ತಿದ್ದರು. ಎದುರಿಗೆ ಇದ್ದವಳ ಮೇಲಿನ ಹೊಟ್ಟೆಕಿಚ್ಚನ್ನು ಹೇಗೋ ತಡೆದುಕೊಳ್ಳಬಹುದು. ಇಲ್ಲದವಳ ಮೇಲಿನದನ್ನು ಯಾರ ಮುಂದೆ ತೋರಿಸುವುದು?

ಒಂದು ಭಾನುವಾರ ಆ ಅಡುಗೆ ಪುಸ್ತಕ ಚೀಲದಲ್ಲಿಟ್ಟುಕೊಂಡು ನಾಗಮಂಗಲದ ಬಸ್‌ಸ್ಟ್ಯಾಂಡಿನ ತನಕ ಹೋದೆ. ಹೋಗಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ದೇವಲಾಪುರದ ಬಸ್ಸು ಎದುರಿಗೇ ನಿಂತಿತ್ತು. ಅಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಮಡಿಲಲ್ಲಿ ಖಾಕಿ ರಟ್ಟು ಹಾಕಿದ ಒಂದು ಪುಸ್ತಕ. ಆ ಅಂಟಿನ ವಾಸನೆ ನನಗೆ ಗೊತ್ತು. ಎಲ್ಲಿಯದಮ್ಮ ಎಂದು ಕೇಳಿದೆ. “ನಮ್ಮೂರಿಗೊಬ್ರು ಅಕ್ಕ ಬಂದವ್ರೆ, ಜಗಲಿ ಮ್ಯಾಲೆ ಟ್ರಂಕಲ್ಲಿ ಮಡಿಕ್ಕಂಡು ಕೊಡ್ತಾರೆ” ಅಂದಳು. ಅಲ್ಲೂ! ಹೋಗಿ ವರ್ಷವಾಗಿಲ್ಲ, ಅಲ್ಲೂ ಅಕ್ಕ. ಆ ಕ್ಷಣ ನನ್ನೊಳಗೆ ಎದ್ದದ್ದು ಸಂತೋಷವಲ್ಲ, ಅದೇ ಹಳೆಯ ಉರಿ. ನಾಚಿಕೆಯಾಯಿತು. ನಾಚಿಕೆಯಾದರೂ ಬಸ್ಸು ಹತ್ತಲಿಲ್ಲ. ಮುಂದಿನ ಸಲ ಎಂದುಕೊಂಡು ಹಿಂದಿರುಗಿದೆ.

ಮುಂದಿನ ಸಲ ಅನ್ನುವುದು ಬರಲಿಲ್ಲ. ಒಂದು ಮಧ್ಯಾಹ್ನ ಪಾಂಡವಪುರದ ಬಸ್ಸಿನಲ್ಲಿ, ಆ ಕ್ವಾರಿ ಲಾರಿಯ ಡ್ರೈವರು ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದವನು ತಿರುಗಿ, “ಅಕ್ಕ ಓಗ್ಬುಡ್ತು ಮೇಡಮ್ಮೋರೆ, ತಿಂಗ್ಳಾಯ್ತು. ಎದೆನೋವು” ಅಂದ. ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ, “ನಿಮ್ಮಂದ್ರೆ ಅಕ್ಕಂಗೆ ಬಾಳ ಗೌರವ ಇತ್ತು” ಅಂದ. ಅವನು ಸುಮ್ಮನಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ರಿಟೈರಾದ ಮೇಲೆ ಒಂದು ಸಲ ಧೈರ್ಯ ಮಾಡಿ ಆ ಲೈಬ್ರರಿಗೆ ಹೋದೆ, ಪುಸ್ತಕ ಒಪ್ಪಿಸಿಬಿಡೋಣವೆಂದು. ಅಲ್ಲಿ ಈಗಿರುವ ಹುಡುಗಿ ಒಳ್ಳೆಯವಳು. ನಂಬರ್ ಒತ್ತಿ ನೋಡಿ, “ಈ ಪುಸ್ತಕ ನಮ್ಮಲ್ಲಿಲ್ಲ ಮೇಡಮ್, ಕಾಣೆಯಾಗಿದೆ ಅಂತ ತೋರಿಸ್ತಿದೆ. ತಗೊಳೋಕೆ ಬರೋದಿಲ್ಲ” ಅಂದಳು. ವಾಪಸ್ಸು ತಂದೆ. ಈಗಲೂ ಶೆಲ್ಫಿನಲ್ಲಿದೆ. ಮೆಂತ್ಯದ ಗೊಜ್ಜು ಕಲಿತಿದ್ದೇನೆ, ಅಮ್ಮನ ಕೈಯ ಹಾಗೆ ಆಗುವುದಿಲ್ಲ, ಹತ್ತಿರ ಹತ್ತಿರ ಬರುತ್ತದೆ. ಮಾಡಿದಾಗಲೆಲ್ಲ ಅಕ್ಕ... ಹೂಂ, ಅಕ್ಕ ಎಂದೇ ಅನ್ನುತ್ತೇನೆ ಈಗ. ಕೇಳುವುದಕ್ಕೆ ಅವಳಿಲ್ಲ.

ನಿನ್ನೆ ಆ ಹುಡುಗಿಯ ಬಟ್ಟಲಿಗೆ ಎರಡು ಚಮಚ ಹೆಪ್ಪು ಹಾಕಿಕೊಟ್ಟೆ. ಮೆಟ್ಟಿಲು ಇಳಿಯುತ್ತಾ, “ನಾಳೆ ವಾಪಸ್ ಕೊಡ್ತೀನಿ ಆಂಟಿ” ಅಂದಳು.

“ಹೆಪ್ಪನ್ನ ಯಾರಾದರೂ ವಾಪಸ್ ತಗೋತಾರೇನೇ?” ಅಂದೆ.

ಅಂದವಳು ಅಲ್ಲೇ ಬಾಗಿಲಿಗೆ ಒರಗಿ ನಿಂತೆ. ನಾನು ತಗೊಂಡಿದ್ದೆ. ಮನೆಮನೆಯದೂ ತಗೊಂಡಿದ್ದೆ, ರಶೀದಿ ಕೊಟ್ಟು.